ಹಾಯಿಗೆ ನೆರಳು ಹೊಲಿದ ಅತ್ತೆ

ಎದುರು ಮನೆಯ ಅತ್ತೆಯ ಬಲ ಅಂಗೈಗೆ ಸದಾ ಒಂದು ಚರ್ಮದ ಪಟ್ಟಿ ಬಿಗಿದಿರುತ್ತಿತ್ತು. ಬೆವರು ಕುಡಿದು ಕಪ್ಪಾಗಿದ್ದ ಆ ಪಟ್ಟಿಯ ನಡುವೆ ಸೂಜಿಯ ಬುಡ ಒತ್ತಿ ಒತ್ತಿ ಸಣ್ಣ ಕುಳಿಗಳು ಬಿದ್ದಿದ್ದವು. ಮಷಿನ್ನಿಗೆ ಬಗ್ಗದ ದಪ್ಪ ಬಟ್ಟೆಯನ್ನು ಅವಳು ಕೈಯಿಂದ ಹೊಲಿಯುವಾಗ ಸೂಜಿಯನ್ನು ಅಂಗೈಯಿಂದಲೇ ತಳ್ಳಬೇಕಾಗುತ್ತಿತ್ತು.

ಅವಳು ಪಾಮನಕಲ್ಲೂರಿನ ಹೆಣ್ಣುಮಗಳು. ಲಗ್ನವಾದ ವರ್ಷವೇ ಗಂಡನ ಜೊತೆ ಗೋವಾಕ್ಕೆ ದುಡಿಯಲು ಹೋಗಿದ್ದಳು. ಅಲ್ಲಿ ಹಾಯಿದೋಣಿಗಳಿಗೆ ಗವಸು ಹೊಲಿಯುವ ಕೆಲಸ. ದೋಣಿ ದಡದಲ್ಲಿ ನಿಂತಾಗ ಹಾಯಿಯನ್ನು ಸುತ್ತಿಡುತ್ತಾರಂತೆ. ಅದು ಬಿಸಿಲಿಗೆ ಹಾಳಾಗಬಾರದೆಂದು ಮೇಲೊಂದು ದಪ್ಪ ಬಟ್ಟೆ ತೊಡಿಸುತ್ತಾರಂತೆ. ಕಾಲುವೆ ಬಿಟ್ಟರೆ ಬೇರೆ ನೀರು ಕಾಣದ ಗೊರೇಬಾಳದ ನನಗೆ ಬಟ್ಟೆಗೇ ಬಟ್ಟೆ ತೊಡಿಸುವ ಈ ಮಾತು ತಮಾಷೆಯಾಗಿ ಕೇಳಿಸುತ್ತಿತ್ತು.

"ಅರಿವಿಗೆ ಅರಿವಿ ಉಡಸ್ತಾರೇನತ್ತಿ?"

"ಹೂಂ ಬೇ. ಶ್ರೀಮಂತರ ಅರಿವಿ ಅದು, ನೆಳ್ಳಾಗ ಇರಬೇಕು."

ಗಂಡ ಹೆಂಡತಿ ಗೋವಾ ಬಿಟ್ಟು ಬಂದು ನಮ್ಮ ಓಣಿಯಲ್ಲಿ ಮನೆ ಮಾಡಿದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಮಾವ ಸಿಂಧನೂರಿನ ಅಕ್ಕಿ ಮಿಲ್ಲಿಗೆ ಹೋಗತೊಡಗಿದ. ಅತ್ತೆ ಆಟೋಗಳ ಹುಡ್ಡು, ಟ್ರ್ಯಾಕ್ಟರಿನ ಟಾಪು ಹೊಲಿಯತೊಡಗಿದಳು.

ನಾನು ಹುಟ್ಟುವಾಗಲೇ ಮೈ, ಕೂದಲು, ಕಣ್ಣಿನ ರೆಪ್ಪೆ ಎಲ್ಲ ಬಿಳಿ. ಬಿಸಿಲು ತಾಗಿದರೆ ಚರ್ಮ ಕೆಂಪೇರಿ ಬೊಬ್ಬೆ ಏಳುತ್ತಿತ್ತು. ಬೆಳಕಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನೋಡಲು ಬಂದವರೆಲ್ಲ ಲೊಚಗುಟ್ಟಿ ಹೋಗುತ್ತಿದ್ದರು. ಅವ್ವ ನನ್ನನ್ನು ಒಳಮನೆಯಲ್ಲೇ ಇಟ್ಟಿದ್ದಳು. ಅತ್ತೆ ಮೊದಲ ಸಲ ಬಂದಾಗ ನನ್ನ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಈಕಿಗೆ ಬಿಸಲು ಆಗಂಗಿಲ್ಲ, ಅಷ್ಟ ಹೌದಿಲ್ಲೋ ಯಕ್ಕಾ? ಸಾಲಿಗೆ ಹಚ್ಚು. ನೆಳ್ಳು ನಾ ಹೊಲೀತೀನಿ."

ಹೊಲಿದಳು. ಅಗಲ ಅಂಚಿನ ನೀಲಿ ಟೊಪ್ಪಿಗೆ, ಕುತ್ತಿಗೆ ಮುಚ್ಚುವ ಹಾಗೆ ಹಿಂದೆ ಇಳಿಬಿಟ್ಟ ಬಟ್ಟೆ, ಬೆರಳ ತುದಿಯವರೆಗೆ ಬರುವ ತೋಳು. ನಾನು ಬೆಳೆದಂತೆಲ್ಲ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದಳು. "ನೀ ಬೆಳ್ಯಾಕತ್ತಿ, ನನಗ ಕೆಲಸ ಹಚ್ಚಾಕತ್ತಿ" ಎಂದು ಗದರುತ್ತಲೇ ತೋಳಿಗೆ ಮುಂದಿನ ವರ್ಷದ ಬಟ್ಟೆಯನ್ನೂ ಮಡಚಿ ಬಿಟ್ಟಿರುತ್ತಿದ್ದಳು.

ಶಾಲೆಯಲ್ಲಿ ಟೊಪ್ಪಿಗೆ ನೋಡಿ ಹುಡುಗರು ನಗುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಬಯಲಲ್ಲಿ ನಿಂತರೆ ನಾನೊಬ್ಬಳೇ ಪಡಸಾಲೆಯ ಕಂಬದ ಹಿಂದೆ. ಅದು ಅತ್ತೆಗೆ ಹೇಗೆ ತಿಳಿಯಿತೋ, ಒಂದು ಮುಂಜಾನೆ ನೆರಳಿಗೆ ಕಟ್ಟುವ ದೊಡ್ಡ ತಾಡಪತ್ರಿಯ ಸುರುಳಿ ಹೊತ್ತು ಶಾಲೆಗೇ ಬಂದಳು.

"ಒಬ್ಬ ಹುಡುಗಿಗೆ ಇಷ್ಟು ದೊಡ್ಡದು ಯಾಕವ್ವಾ?" ಎಂದು ಹೆಡ್ ಮಾಸ್ತರು ಕೇಳಿದರು.

"ಒಬ್ಬಾಕಿಗೇ ಕಟ್ಟಿದ್ರ ಎಲ್ಲಾರೂ ಆಕಿನ್ನ ನೋಡ್ತಾರ್ರೀ ಸರ. ಎಲ್ಲಾರಿಗೂ ಕಟ್ಟಿದ್ರ ಯಾರೂ ನೋಡಂಗಿಲ್ಲ."

ಮಾಸ್ತರು ಹಗ್ಗದ ಒಂದು ತುದಿ ಹಿಡಿದುಕೊಂಡರು. ಬೇವಿನ ಮರಗಳ ನಡುವೆ ಅದನ್ನು ಎಳೆದು ಕಟ್ಟಿದರು. ಮರುದಿನ ನಾನು ಸಾಲಿನ ನಡುವೆ ನಿಂತು ಪ್ರಾರ್ಥನೆ ಹೇಳಿದೆ.

ಅತ್ತೆ ಮಾವನಿಗೆ ಮಕ್ಕಳಿಲ್ಲ ಎಂದೇ ಓಣಿಯವರೆಲ್ಲ ತಿಳಿದಿದ್ದೆವು. ನನಗೆ ಲಿಂಗಸೂಗೂರಿನಲ್ಲಿ ನೌಕರಿ ಸಿಕ್ಕಾಗ, ಬಸ್ಸಿನ ಕಿಟಕಿಯ ಬಿಸಿಲಿಗೆಂದು ಅತ್ತೆ ಒಂದು ಹೊಸ ಅಂಗಿ ಹೊಲಿಯುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು:

"ನನ್ನ ಮಗಳೂ ನಿನ್ನ ವಯಸ್ಸಿನಾಕಿ, ನಿನ್ನ ವಾರಿಗಿಯಾಕಿ ಬೇ."

ನಾನು ಅವಳ ಹತ್ತಿರ ಸರಿದು ಕೂತೆ.

"ಗೋವಾದಾಗ ಹುಟ್ಟಿದ್ಲು. ನಮ್ಮದು ತಗಡಿನ ಖೋಲಿ, ಬಿಸಲಿಗೆ ಹಂಚಿನಂಗ ಕಾಯ್ತಿತ್ತು. ಆವತ್ತು ದೊಡ್ಡ ದೋಣಿದೊಂದು ಗವಸು ಸಂಜಿಯೊಳಗ ಕೊಡಬೇಕಾಗಿತ್ತು. ಕೂಸಿಗೆ ಹಾಲು ಕುಡಿಸಿ ಮಲಗಿಸಿ ಬಂದಿದ್ದೆ. ಮಧ್ಯಾನ ಹೋಗಿ ಮುಟ್ಟಿದ್ರ ಮೈ ಕೆಂಡ ಆಗಿತ್ತು. ಎತ್ಕೊಂಡು ಓಡಿದ್ವಿ. ದವಾಖಾನಿ ಬಾಗಿಲದಾಗ ಹೋಗಿಬಿಡ್ತು."

ಸೂಜಿ ಬಟ್ಟೆಯಲ್ಲೇ ನಿಂತಿತ್ತು.

"ಯಾರದೋ ಹಾಯಿಗೆ ನೆಳ್ಳು ಹೊಲ್ಕೋತ ಕುಂತಿದ್ದೆ ನೋಡು. ನನ್ನ ಕೂಸಿಗೆ ಗೇಣು ನೆಳ್ಳು ಇರಲಿಲ್ಲ."

ನಾನು ಅವಳ ಮೊಣಕಾಲ ಮೇಲೆ ಕೈ ಇಟ್ಟೆ. ಅವಳು ಸೂಜಿ ಎಳೆದುಕೊಂಡು "ತೋಳು ಚಾಚು, ಉದ್ದ ನೋಡ್ತೀನಿ" ಎಂದಳು. ಮಗಳ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಹೋದ ಬೇಸಿಗೆಯಲ್ಲಿ ಎದೆ ನೋವೆಂದಳಂತೆ; ಸಿಂಧನೂರಿನ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಸುದ್ದಿ ಬಂದ ಕೂಡಲೇ ಬಸ್ಸು ಹತ್ತಿದೆ. ಮಸ್ಕಿ ದಾಟುವವರೆಗೂ ಅಳು ಬರಲಿಲ್ಲ, ಆಮೇಲೆ ನಿಲ್ಲಲಿಲ್ಲ.

ಹಣೆಗೆ ವಿಭೂತಿ ಹಚ್ಚಿ, ಹೂವು ಹಾಕಿ, ಅವಳನ್ನು ಮನೆ ಮುಂದಿನ ಕಟ್ಟೆಯ ಮೇಲೆ ಕೂರಿಸಿದ್ದರು. ಮಧ್ಯಾಹ್ನ ಇಳಿದಂತೆ ಗೋಡೆಯ ನೆರಳು ಸರಿದು ಬಿಸಿಲು ನೇರ ಅವಳ ಮುಖಕ್ಕೇ ಬಿತ್ತು. ತಾಡಪತ್ರಿ ತರಲೆಂದು ಒಳಗೆ ಹೋದ ಮಾವ ಅದನ್ನು ಎದೆಗವಚಿಕೊಂಡು ಬಾಗಿಲಲ್ಲೇ ಕುಸಿದು ಕೂತ. ನಾನು ಎದ್ದು ಹೋಗಿ ಅವಳ ಮುಂದೆ, ಬಿಸಿಲಿಗೆ ಬೆನ್ನು ಕೊಟ್ಟು ನಿಂತೆ.

"ಒಳಗ ಬಾ ಬೇ, ಮೈಗೆ ಬೊಬ್ಬಿ ಏಳ್ತಾವ," ಅವ್ವ ಕೂಗಿದಳು.

"ಏಳಲಿ ಬಿಡವ್ವ."

ಅವಳನ್ನು ಎತ್ತುವವರೆಗೂ ಅಲ್ಲಿಂದ ಕದಲಲಿಲ್ಲ.