ಒಂದೇ ದ್ವೀಪದ ಮೂರು ಸೀಸೆ

ಜಮಖಂಡಿ ಸಂಸ್ಥಾನದಲ್ಲಿ ನಾನು ಓವರ್‌ಸಿಯರ್ ಆಗಿದ್ದಾಗ, ಕೃಷ್ಣೆಯ ನೀರೆತ್ತುವ ಯಂತ್ರಕ್ಕೆ ಜಾಗ ನೋಡಲು ಸ್ಕಾಟ್ಲೆಂಡಿನ ಎಂಜಿನಿಯರ್ ಒಬ್ಬರು ಬಂದರು. ಕುಡಚಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಕರೆತರುವಾಗ, ತೇರದಾಳದ ಹತ್ತಿರ ಹಳ್ಳಕ್ಕಿಳಿಯುತ್ತ ಎತ್ತು ಜಾರಿತು. ಅವರ ಪೆಟ್ಟಿಗೆ ನನ್ನ ಮೇಲೆ ಉರುಳಿತು. ಒಳಗಿದ್ದ ಮೂರು ವಿಸ್ಕಿ ಸೀಸೆಗಳಲ್ಲಿ ಒಂದು ಒಡೆದು ನನ್ನ ಧೋತರ ತೊಯ್ದುಹೋಯಿತು.

"ಸಾಹೇಬ್ರ ಔಷಧ ಚೆಲ್ಲಿತಲ್ರೀ," ಎಂದ ಗಾಡಿಯವನು. ವಾಸನೆಯೂ ದವಾಖಾನೆಯದೇ, ಟಿಂಚರಿಗೆ ಹೊಗೆ ಬೆರೆಸಿದ ಹಾಗೆ.

ಸಾಹೇಬರು ಸಿಟ್ಟಾಗಲಿಲ್ಲ. ಬೆಳಗಾವಿಯಲ್ಲಿ ವರ್ಷಗಟ್ಟಲೆ ಇದ್ದವರು, ಕನ್ನಡ ಬರುತ್ತಿತ್ತು. ಉಳಿದೆರಡರ ಬೂಚು ತೆಗೆದು, "ಕುಡೀಬ್ಯಾಡ, ಮೂಸಿ ನೋಡು," ಎಂದರು. ನಾವು ಜೈನರು, ಜೇನುತುಪ್ಪವನ್ನೂ ಮುಟ್ಟುವವರಲ್ಲ. ಮೂಸಿದೆ. ಒಂದರಲ್ಲಿ ಉಪ್ಪುನೀರಲ್ಲಿ ನೆನೆದ ಹಗ್ಗದ ವಾಸನೆ, ಹೊಗೆ ಅಷ್ಟಿಷ್ಟು. ಇನ್ನೊಂದರಲ್ಲಿ ಹೊಗೆಯೇ ಇಲ್ಲ, ಒಣದ್ರಾಕ್ಷಿಯ ಸಿಹಿ. ಮೂರೂ ಸ್ಕಾಟ್ಲೆಂಡಿನ ಕಡಲಲ್ಲಿ ಅವರು ಹುಟ್ಟಿದ ದ್ವೀಪದವೇ, ಮೂರೂ ಬರೀ ಜವೆಗೋಧಿಯಿಂದ ಮಾಡಿದವು ಎಂದರು. ಒಡೆದದ್ದು ಅವರ ಸ್ವಂತ ಊರಿನದು.

ಮನೆಯಲ್ಲಿ ಅವ್ವ ಹೊಸ್ತಿಲಲ್ಲೇ ತಡೆದಳು.

"ಎಲ್ಲಿ ಕುಡದ್ ಬಂದಿ?"

"ಕುಡದಿಲ್ಲವ್ವ, ಮೈಮ್ಯಾಲೆ ಚೆಲ್ಲೇತಿ."

"ಕುಡದವ್ರೆಲ್ಲಾ ಹಿಂಗ ಹೇಳತಾರ."

ಬಾವಿಯ ಬಳಿ ಸ್ನಾನ ಮಾಡಿಸಿ, ಕಟ್ಟೆಯ ಮೇಲೆ ಊಟಕ್ಕಿಟ್ಟಳು. ಮರುದಿನ ಇದನ್ನು ಸಾಹೇಬರಿಗೆ ಹೇಳಿದೆ. ಸಂಜೆ ಅವರು ನಮ್ಮ ಮನೆಗೇ ಬಂದುಬಿಟ್ಟರು. ಟೋಪಿ ತೆಗೆದು ಕಟ್ಟೆಯ ಕೆಳಗೆ ನಿಂತರು.

"ಅವ್ವಾರ, ನಿಮ್ಮ ಮಗ ಕುಡದಿಲ್ಲ. ಸೀಸೆ ನಂದು. ನಮ್ಮವ್ವನ ಅಡಗಿಮನಿಯೊಳಗ ಇದ ಹೊಗಿ ವಾಸನಿ ಇರತಿತ್ತು."

ಅವ್ವ ತಲೆಯೆತ್ತಿದಳು. "ಒಲಿಗೆ ಏನ್ ಹಾಕತೀರಿ ಅಲ್ಲಿ?"

"ಮಣ್ಣು."

"ಮಣ್ಣು ಹೆಂಗ ಉರೀತೈತಿ?"

ಅಲ್ಲಿ ಗಿಡಮರ ಕಡಿಮೆ. ಹುಲ್ಲು ಬೇರು ಕೊಳೆತು ಗಟ್ಟಿಯಾದ ಜವುಗಿನ ಮಣ್ಣನ್ನು ಕುಳ್ಳಿನಂತೆ ಕೊಯ್ದು ಒಣಗಿಸಿ ಉರಿಸುತ್ತಾರೆ. ವಿಸ್ಕಿಗೆಂದು ಮೊಳಕೆ ಬರಿಸಿದ ಜವೆಯನ್ನೂ ಅದೇ ಹೊಗೆಯಲ್ಲಿ ಒಣಗಿಸುತ್ತಾರೆ. ಒಬ್ಬರು ಹೊಗೆ ಹೆಚ್ಚು ಕೊಡುತ್ತಾರೆ, ಒಬ್ಬರು ಕಡಿಮೆ, ಕೆಲವರು ಕೊಡುವುದೇ ಇಲ್ಲ. ಅವರು ಕೈಸನ್ನೆ ಮಾಡುತ್ತ ವಿವರಿಸಿದರು. ಅವ್ವನಿಗೆ ವಿಸ್ಕಿಯ ಸುದ್ದಿ ಬೇಕಿರಲಿಲ್ಲ.

"ನಿಮ್ಮವ್ವ ಅದಾಳೇನು?"

"ಅದಾಳ್ರಿ. ನೋಡಿ ಭಾಳ ವರ್ಷ ಆತು."

ಅವ್ವ ಒಳಗಿಂದ ಮಜ್ಜಿಗೆ ತಂದುಕೊಟ್ಟಳು. "ಸೀಸೆ ತರಬ್ಯಾಡಪಾ. ಊಟಕ್ಕ ಬಾ, ಹೊತ್ತು ಮುಣಗೂದ್ರೊಳಗ."

ಮಳೆಗಾಲ ಹಿಡಿಯುವವರೆಗೂ ಅವರು ಆಗಾಗ ಬರುತ್ತಿದ್ದರು. ಅವ್ವ ಕಟ್ಟೆಯ ಮೇಲೆ ಎಲೆ ಹಾಕಿ ರೊಟ್ಟಿ ಬಡಿಸುತ್ತಿದ್ದಳು; ಶೇಂಗಾ ಚಟ್ನಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಯಂತ್ರ ಬಂದಾಗ ಅದನ್ನು ಕೂಡಿಸಲು ಬಂದವರು ಬೇರೊಬ್ಬರು. ಮೊದಲಿನವರು ರಜೆ ಹಾಕಿ ಊರಿಗೆ ಹೋದರೆಂದು ತಿಳಿಯಿತು. ಅವ್ವನಿಗೆ ಹೇಳಿದೆ.

"ಛಲೋ ಆತು," ಎಂದಳು.