ಮೇಸ್ತ್ರಿಯವರ ‘ಆಂ?’

ಮೇಸ್ತ್ರಿಯವರ ಬಲಗೈಯ ಹಿಂಬದಿಯಲ್ಲಿ ಒಂದೂ ಕೂದಲಿರಲಿಲ್ಲ. ಎಂದೋ ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತೆಗೆದಾಗ ಹಾರಿದ ಹಬೆ ಆ ಚರ್ಮವನ್ನು ಕಾದಾರಿದ ಹಾಲಿನ ಕೆನೆಯ ಹಾಗೆ ಸುಕ್ಕಾಗಿಸಿಬಿಟ್ಟಿತ್ತು. ಯಾವ ಗಾಡಿ ಬಂದರೂ ಮೊದಲು ಆ ಕೈಯನ್ನು ಬಾನೆಟ್ಟಿನ ಮೇಲಿಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ‘ಕುದಿಯೋದು ರೋಗ ಅಲ್ಲ ಸಾರ್, ದೂರು. ಯಾರ ಮೇಲೆ ಅಂತ ಕೇಳ್ಬೇಕು,’ ಅನ್ನುತ್ತಿದ್ದರು. ಗಾಡಿಯವನು ಏನಾದರೂ ಹೇಳಿದರೆ ತಲೆ ಓರೆ ಮಾಡಿ ‘ಆಂ?’

ಆ ‘ಆಂ?’ ನನ್ನ ಬಂಡವಾಳ. ಆಗ ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆಂದು ಮನೆಯವರು ನಂಬಿದ್ದರು, ಮಾಡುತ್ತಿದ್ದದ್ದು ಮಿಮಿಕ್ರಿ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ನನ್ನ ಬಾಯಿಗೆ ಬೀಳದವರಿರಲಿಲ್ಲ. ಸೊಪ್ಪಿನವಳ ಕೂಗು, ಅಪ್ಪನ ಗೊರಕೆ, ಹುಡುಗಿಯರೆದುರು ಒಡೆದು ಚೂರಾಗುವ ನನ್ನದೇ ದನಿ. ಆದರೆ ಎಲ್ಲಕ್ಕಿಂತ ಜೋರು ನಗು ಬರುತ್ತಿದ್ದದ್ದು ಮೇಸ್ತ್ರಿಗೆ. ‘ಬ್ರೇಕ್ ಹಿಡೀತಿಲ್ಲ.’ ‘ಆಂ?’ ‘ಬ್ರೇಕು!’ ‘ಆಂ?’ ಅಷ್ಟರಲ್ಲಿ ಗಾಡಿ ಗೋಡೆಗೆ ಗುದ್ದಿರುತ್ತಿತ್ತು. ಗೋಡೆಯ ಸದ್ದೂ ನನ್ನದೇ.

ನಮ್ಮ ಮನೆಯಲ್ಲಿ ತಾತನ ಕಾಲದ ಕರೀ ಕಾರೊಂದಿತ್ತು. ಎದುರಿನಿಂದ ನೋಡಿದರೆ ಮುನಿಸಿಕೊಂಡ ಸೋದರತ್ತೆಯ ಮುಖ. ಬೀದಿಯೊಳಗೆ ಚೆನ್ನಾಗಿಯೇ ಓಡುತ್ತಿತ್ತು. ತ್ಯಾಗರಾಜನಗರದಲ್ಲಿದ್ದ ಆ ಅತ್ತೆಯ ಮನೆಗೆಂದು ಹೊರಟು ಬಸವನಗುಡಿಯ ಏರು ಹತ್ತಿದರೆ ಸಾಕು, ನೀರು ಕುದಿದು ಹಬೆ ಏಳುತ್ತಿತ್ತು. ಮೇಸ್ತ್ರಿ ಒಂದು ಸಲ ರೇಡಿಯೇಟರ್ ಬಿಚ್ಚಿ ತೊಳೆದರು. ಇನ್ನೊಂದು ಸಲ ಫ್ಯಾನ್ ಬೆಲ್ಟ್ ಬದಲಾಯಿಸಿದರು. ಎರಡು ಸಲವೂ ಅವರ ಶೆಡ್ಡಿನ ಮುಂದೆ ಅರ್ಧ ಗಂಟೆ ತಣ್ಣಗೆ ಗುರುಗುಟ್ಟಿದ ಗಾಡಿ, ಏರಿನಲ್ಲಿ ಮತ್ತೆ ಕುದಿಯಿತು. ಎರಡನೇ ಸಲ ಒಳಗೆ ಅತ್ತೆಯೂ ಇದ್ದರು. ಅವರೂ ಕುದಿದರು.

‘ಮೇಸ್ತ್ರಿಗೆ ವಯಸ್ಸಾಯ್ತು’ ಎಂದು ಬೀದಿಯಲ್ಲಿ ಮಾತು ಹುಟ್ಟಿತು. ಮೂಲೆಯಲ್ಲಿ ಹೊಸ ಗ್ಯಾರೇಜೊಂದು ಬಂದಿತ್ತು. ಅಲ್ಲಿಗೆ ಹೋಗುವವರಿಗೆ ಈ ಮಾತು ನೆಪವಾಯಿತು. ಶೆಡ್ಡಿನ ಮುಂದೆ ನಾಲ್ಕೈದು ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಒಂದೇ ಒಂದು. ಅದೂ ನಮ್ಮದು.

ಮೂರನೇ ಸಲ ಗಾಡಿ ತಂದಾಗ ಅಪ್ಪನ ಜೊತೆ ನಾನೂ ಇದ್ದೆ.

‘ಈ ಸಲಾನೂ ಆಗ್ಲಿಲ್ಲ ಅಂದ್ರೆ ಗುಜರಿಯವ್ನಿಗೆ ಕೊಟ್ಬಿಡ್ತೀನಿ ಮೇಸ್ತ್ರಿ,’ ಅಂದರು ಅಪ್ಪ.

‘ಆಂ?’

ಮೇಸ್ತ್ರಿಯ ಬೆನ್ನ ಹಿಂದೆ ನಿಂತಿದ್ದ ನಾನು ತಲೆ ಓರೆ ಮಾಡಿ, ಸದ್ದಿಲ್ಲದೆ ಬಾಯಿ ತೆರೆದು, ಅದೇ ‘ಆಂ?’ ಮಾಡಿದೆ. ಗಾಡಿಯ ಗಾಜಿನಲ್ಲಿ ಅವರಿಗೆ ಅಷ್ಟೂ ಕಂಡಿತ್ತು.

ಅಪ್ಪ ಹೋಗುವ ತನಕ ಅವರು ಬಾನೆಟ್ ಒರೆಸುತ್ತಿದ್ದರು. ಆಮೇಲೆ ಹಳೇ ಟಯರೊಂದನ್ನು ಎಳೆದು, ಕೂರು ಎಂದು ಸನ್ನೆ ಮಾಡಿದರು. ಬೈಗುಳಕ್ಕೆ ಸಿದ್ಧನಾಗಿ ಕೂತೆ.

‘ನನ್ನನ್ನ ಚೆನ್ನಾಗಿ ಮಾಡ್ತೀಯ. ಗಾಡೀನ ಮಾಡ್ತೀಯಾ?’

‘ಗಾಡೀನಾ?’

‘ಏರು ಹತ್ತೋವಾಗ ಹೆಂಗ್ ಕೂಗುತ್ತೆ, ಮಾಡು. ನಿಧಾನಕ್ಕೆ. ನನ್ನ ಕಡೆ ಮುಖ ಮಾಡ್ಕೊಂಡು.’

ಇಂಥ ಆಹ್ವಾನ ನನಗೆ ಯಾರೂ ಕೊಟ್ಟಿರಲಿಲ್ಲ. ಸ್ಟಾರ್ಟಿನ ಕೆಮ್ಮು ಮಾಡಿದೆ, ಫಸ್ಟ್ ಗೇರಿನ ಗೊಣಗಾಟ ಮಾಡಿದೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಿನ ನರಳಾಟ ಮಾಡಿದೆ. ಆ ನರಳಾಟದ ಅಡಿಯಲ್ಲೇ ಇನ್ನೊಂದು ಸಣ್ಣ ಸದ್ದಿತ್ತು, ತಟ್ಟೆಯಲ್ಲುಳಿದ ಸಾರನ್ನು ಸೊರ್ರೆಂದು ಹೀರಿದ ಹಾಗೆ. ಅದನ್ನೂ ಬಿಡಲಿಲ್ಲ. ಮೇಸ್ತ್ರಿಯ ಕಣ್ಣು ನನ್ನ ಬಾಯಿಂದ ಕದಲಲಿಲ್ಲ.

‘ನಿಲ್ಸು. ಈಗ ಕೆನ್ನೆ ಒಳಗೆ ಹೋಯ್ತಲ್ಲ, ಅದನ್ನ ಇನ್ನೊಂದ್ಸಲ ಮಾಡು.’

‘ಸೊರ್ರ್...’

‘ಗಾಡಿ ನಿಂತಾಗ ಇದಿರುತ್ತಾ?’

ಇಲ್ಲವೆಂದು ತಲೆಯಾಡಿಸಿದೆ. ‘ಜೋರಾಗಿ ಒತ್ತಿದಾಗ್ಲೇ ಮೇಸ್ತ್ರಿ.’

ಎದ್ದು ಬಾನೆಟ್ ಎತ್ತಿದರು. ಇಂಜಿನ್ ಚಾಲೂ ಮಾಡಿಸಿ, ರೇಡಿಯೇಟರಿನ ತಳದಿಂದ ಇಂಜಿನ್ನಿಗೆ ನೀರು ಒಯ್ಯುವ ರಬ್ಬರ್ ಪೈಪನ್ನು ನನಗೆ ತೋರಿಸಿ, ಆಕ್ಸಿಲರೇಟರಿನ ಕಡ್ಡಿಯನ್ನು ಬೆರಳಿನಿಂದ ಎಳೆದರು. ಇಂಜಿನ್ ಅರಚಿತು. ದುಂಡಗಿದ್ದ ಪೈಪು ನಮ್ಮ ಕಣ್ಣೆದುರೇ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಯಿತು. ಕಡ್ಡಿ ಬಿಟ್ಟರು. ಮತ್ತೆ ದುಂಡಗಾಯಿತು.

‘ನೋಡು, ನಿನ್ನ ಕೆನ್ನೆ.’

ಪೈಪು ಕುಸಿಯದಂತೆ ಒಳಗಿರಬೇಕಾದ ತಂತಿಯ ಸುರುಳಿ ತುಕ್ಕು ಹಿಡಿದು ಪುಡಿಯಾಗಿತ್ತು. ಇಂಜಿನ್ ಜೋರಾದಾಗಲೆಲ್ಲ ಪಂಪಿನ ಎಳೆತಕ್ಕೆ ಪೈಪು ಮುಚ್ಚಿಕೊಂಡು ನೀರು ನಿಂತುಹೋಗುತ್ತಿತ್ತು. ಶೆಡ್ಡಿನ ಮುಂದೆ ನಿಂತಿರುವಾಗ ಮಾತ್ರ ಗಾಡಿ ಮಹಾ ಸಾಧು.

ಹೊಸ ಪೈಪು, ಹೊಸ ಸುರುಳಿ ಹಾಕಿ, ಹಳೆಯದನ್ನು ಕೈಯಲ್ಲಿ ಹಿಂಡುತ್ತ ಮೇಸ್ತ್ರಿ ಹೇಳಿದರು: ‘ಈ ಸದ್ದು ನಂಗೆ ಮೊದಲ್ನೇ ದಿನಾನೇ ಕೇಳ್ಬೇಕಿತ್ತು ಕಣೋ. ಕಿವಿ ಮಂದ ಆಗಿ ಎರಡು ವರ್ಷ ಆಯ್ತು. ದೊಡ್ಡ ಸದ್ದು ಕೇಳುತ್ತೆ, ಸಣ್ಣದು ಇಲ್ಲ. ನಮ್ಮನೆಯವ್ಳಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಕಿವುಡನ ಹತ್ರ ಗಾಡಿ ಯಾರು ತರ್ತಾರೆ?’

ಅದೇ ವಾರ ಗಣೇಶನ ಪೆಂಡಾಲಿನಲ್ಲಿ ನನ್ನ ಕಾರ್ಯಕ್ರಮವಿತ್ತು. ಕೊನೆಯ ಐಟಂ, ಮೇಸ್ತ್ರಿ. ಅದನ್ನು ತೆಗೆದುಹಾಕಿ ಏರು ಹತ್ತುವ ಕಾರು ಮಾಡಿದೆ. ‘ಲೋ, ಮೇಸ್ತ್ರೀದು ಮಾಡೋ!’ ಎಂದು ಹಿಂದಿನಿಂದ ಕೂಗಿದರು. ‘ಮರ್ತೋಯ್ತು ಗುರು,’ ಅಂದೆ. ಮುಂದಿನ ಸಾಲಿನಲ್ಲಿದ್ದ ಮೇಸ್ತ್ರಿ ನನ್ನ ಕೆನ್ನೆ ಒಳಗೆ ಹೋದದ್ದೇ ತಡ, ಎಲ್ಲರಿಗಿಂತ ಮೊದಲು ನಕ್ಕರು.

ನಮ್ಮ ಕಾರು ಏರು ಹತ್ತಿತು. ಶೆಡ್ಡಿಗೆ ಗಾಡಿಗಳು ಮರಳಿದವು. ಮುಂದೆ ಎಷ್ಟೋ ವರ್ಷ ಮೇಸ್ತ್ರಿ ನನ್ನನ್ನು ಕರೆದು, ‘ಇದನ್ನ ಒಂದು ಸುತ್ತು ಓಡಿಸ್ಕೊಂಡು ಬಂದು ಮಾಡಿ ತೋರ್ಸು’ ಅನ್ನುತ್ತಿದ್ದರು. ನಾನು ಗಾಡಿ ಓಡಿಸಲು ಕಲಿತದ್ದು ಹಾಗೆ. ಅಣಕಿಸುವ ಮೊದಲು ನೆಟ್ಟಗೆ ಕೇಳಿಸಿಕೊಳ್ಳಲು ಕಲಿತದ್ದೂ ಹಾಗೆ.

ಅವರು ತೀರಿಕೊಂಡ ಹದಿಮೂರನೇ ದಿನ ಮನೆ ತುಂಬ ಬೀದಿಯವರಿದ್ದರು. ಅವರ ಹೆಂಡತಿ ನನ್ನನ್ನು ಹತ್ತಿರ ಕರೆದರು. ‘ನೀನು ಅವ್ರನ್ನ ಮಾಡ್ತಿದ್ಯಂತಲ್ಲಪ್ಪ. ಒಂದ್ಸಲ ಮಾಡು, ನೋಡ್ತೀನಿ.’

ಬಾನೆಟ್ಟಿನ ಮೇಲೆ ಕೈಯಿಟ್ಟು ನಿಲ್ಲುವುದನ್ನು ಮಾಡಿದೆ. ‘ಕುದಿಯೋದು ರೋಗ ಅಲ್ಲ ಸಾರ್, ದೂರು’ ಅಂದೆ. ದನಿ ಸರಿಯಾಗಿ ಬಂತು. ಅಲ್ಲಿಗೆ ನಿಲ್ಲಿಸಿದೆ.

‘ಮುಖ್ಯವಾದದ್ದೇ ಬಿಟ್ಬಿಟ್ಯಲ್ಲೋ.’

‘ಎಲ್ಲರ ಮುಂದೆ ಬೇಡ ಅಂತ...’

‘ಇನ್ಯಾತಕ್ಕಪ್ಪ ಗುಟ್ಟು? ಮಾಡು.’

ತಲೆ ಓರೆ ಮಾಡಿದೆ. ‘ಆಂ?’

ಅವರು ಸೆರಗನ್ನು ಬಾಯಿಗೊತ್ತಿಕೊಂಡರು. ಆಮೇಲೆ ಅದನ್ನು ಸರಿಸಿ, ಮನೆಯೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

‘ಊಟಕ್ಕೆ ಬನ್ನೀ ಅಂದೆ!’