ಎಸಿ ರೂಮಿನಲ್ಲಿ ಅಗ್ಗಿಷ್ಟಿಕೆ

ನಾದಿನಿ ಹೆರಿಗೆಗೆ ಬಂದಾಗ ಚಳ್ಳಕೆರೆಯ ಮನೆಯಲ್ಲಿ ನನ್ನ ರೂಮು ಹೋಯಿತು. ಹಿಂದಿನ ಬೇಸಿಗೆಯಲ್ಲಿ ಎಸಿ ಹಾಕಿಸಿದಾಗ ನಮ್ಮ ಯಜಮಾನರು ತಂಪು ಹೊರಗೆ ಹೋಗಬಾರದೆಂದು ಬಾಗಿಲಿನ ಸಂದಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ್ದರು, ಕಿಟಕಿಯ ಮೇಲಿನ ಜಾಲರಿಗೆ ಥರ್ಮಾಕೋಲ್ ತುರುಕಿದ್ದರು. ಮನೆಯಲ್ಲಿ ಗಾಳಿ ನುಗ್ಗದ ಕೋಣೆ ಅದೊಂದೇ. ಬಾಣಂತಿಗೆ ಅದೇ ಸರಿ ಅಂತ ಅತ್ತೆ ತೀರ್ಮಾನಿಸಿದರು.

ಆ ಬಿಗಿ ಅವರಿಗೆ ಇಷ್ಟ, ಎಸಿ ಮಾತ್ರ ಆಗದು. ಮಗಳು ಮಗುವಿನ ಜೊತೆ ಆಸ್ಪತ್ರೆಯಿಂದ ಬಂದ ದಿನವೇ ಎಸಿಯ ಮೇಲೆ ಹಳೇ ಸೀರೆ ಹೊದಿಸಿ, ರಿಮೋಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಕೀಲಿಕೈ ಸೊಂಟಕ್ಕೆ ಹೋಯಿತು. ನಾನು ಕದ್ದು ಎಸಿ ಹಾಕಿಬಿಡುತ್ತೇನೆ ಅನ್ನುವ ಗುಮಾನಿ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದರೆ, "ಬ್ಯಾಡ ಬಿಡು. ಎಸಿಲಿ ಮಲಗಿದೋಳು, ಕೈ ತಣ್ಣಗಿರ್ತಾವೆ" ಅಂದರು.

ಹಾಗಂತ ನಾನೇನು ಕಮ್ಮಿಯವಳಲ್ಲ. ಹಾಲಿನವನ ಹಾಲನ್ನೂ ತರಕಾರಿಯವನ ತಕ್ಕಡಿಯನ್ನೂ ಅನುಮಾನಿಸದೆ ಒಳಗೆ ಬಿಟ್ಟವಳಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಜಾತಿ ಅಂತ ಯಜಮಾನರು ನಗುತ್ತಿದ್ದರು.

ಬೆಳಿಗ್ಗೆ ತಾಯಿ ಮಗು ಇಬ್ಬರಿಗೂ ಬಿಸಿನೀರು ಹಾಕಿ ಮಲಗಿಸುವುದು, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಲ ಕೆಂಡ ಇಟ್ಟು ಸಾಂಬ್ರಾಣಿ ಉದುರಿಸುವುದು, ಬಾಗಿಲು ಮುಚ್ಚುವುದು. ಹೊರಗೆ ಶಿವರಾತ್ರಿ ಕಳೆದ ಬಿಸಿಲು ಸುಡುತ್ತಿದ್ದರೂ ಒಳಗೆ ಕೆಂಡ ಬೇಕೇ ಬೇಕು. ಅದಕ್ಕೆ ನನ್ನ ತಕರಾರಿರಲಿಲ್ಲ. ಎರಡು ಹೆತ್ತವಳು ನಾನು. ಕೊಂಡ್ಲಹಳ್ಳಿಯ ತವರಲ್ಲಿ ಅದೇ ಕೆಂಡದ ಮೇಲೆ ಮಲಗಿ ಎದ್ದವಳು.

ನಾದಿನಿಗೆ ತಲೆನೋವು ಶುರುವಾಯಿತು. ಕೆಂಡ ಇಟ್ಟು ಸ್ವಲ್ಪ ಹೊತ್ತಿಗೆ ತಲೆ ಸಿಡಿಯುವುದು, ವಾಂತಿ ಬಂದ ಹಾಗಾಗುವುದು. ಮಧ್ಯಾಹ್ನ ಹೊರಗೆ ಬಂದು ಕೂತರೆ ಸರಿಹೋಗುವುದು.

"ಗೋಡೆಯೊಳಗೆ ಎಸಿ ತಂಡಿ ಕುಂತೈತೆ" ಎಂದು ಅತ್ತೆ ಇನ್ನೊಂದಿಷ್ಟು ಕೆಂಡ ಹೆಚ್ಚಿಸಿದರು. ನನ್ನತ್ತ ನೋಡಿ, "ಯಾರ ಕಣ್ಣು ಬಿತ್ತೋ" ಅಂತಲೂ ಸೇರಿಸಿದರು. ನನಗೆ ಮೈಯೆಲ್ಲ ಉರಿಯಿತು.

ಒಂದು ದಿನ ಬೀರುವಿನಿಂದ ಬಟ್ಟೆ ತೆಗೆಯಲು ಆ ಕೋಣೆಗೆ ಹೋದೆ. ಮಡಿಸಿಟ್ಟ ಸೀರೆಗಳನ್ನು ಹುಡುಕುವಷ್ಟರಲ್ಲಿ ನನ್ನ ತಲೆಯೂ ತಿರುಗಿತು. ಹೊರಬಂದು ಜಗಲಿಯಲ್ಲಿ ಕೂತಾಗ ತವರಿನ ಬಾಣಂತಿ ಕೋಣೆ ನೆನಪಾಯಿತು. ಅಲ್ಲಿ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು, ಬಾಗಿಲ ಸಂದಿಯಲ್ಲಿ ಬೆಕ್ಕು ನುಸುಳುತ್ತಿತ್ತು. ಇಲ್ಲಿ ಇರುವೆಗೂ ದಾರಿಯಿಲ್ಲ. ಕೆಂಡದ ಗಾಳಿ ಹೋಗುವುದಾದರೂ ಎಲ್ಲಿಗೆ?

"ಅತ್ತೆ, ಒಸಿ ಬಾಗ್ಲು ತೆಗೆದಿಡಾನ್ರೀ. ಹೊಗೆ ಒಳಗೇ ನಿಲ್ತೈತೆ."

"ಹೊಗೆ ಎಲ್ಲೈತೆ? ಕೆಂಡ ನಿಗಿನಿಗಿ ಐತೆ. ರೂಮು ವಾಪಸ್ ಬೇಕಾದ್ರೆ ನೆಟ್ಟಗೆ ಕೇಳು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕತೆ. ಹಜಾರದಲ್ಲಿ ಬೆವರುತ್ತಾ ಮಲಗುವಾಗ ರೂಮು ಬೇಕೆನಿಸಿದ್ದು ಸುಳ್ಳಲ್ಲ. ಹಾಗಾದರೆ ಈ ಕೆಂಡದ ಅನುಮಾನ ಆ ಆಸೆಯಿಂದಲೇ ಹುಟ್ಟಿತೆ? ಗಟ್ಟಿಯಾಗಿ ಹೇಳುವ ಧೈರ್ಯ ಬರಲಿಲ್ಲ. ಟವೆಲ್ಲು ಬೇಕು, ಬಾಚಣಿಗೆ ಬೇಕು ಅಂತ ನೆಪ ತೆಗೆದು ಒಳಗೆ ಹೋಗುವುದು, ಬರುವಾಗ ಬಾಗಿಲು ಹಾಕದೆ ಬರುವುದು. ಅತ್ತೆ ಹಿಂದೆಯೇ ಬಂದು ಹಾಕುವರು. ಹೀಗೆ ನಮ್ಮಿಬ್ಬರ ಜಗಳ ಬಾಯಿ ಬಿಡದೆಯೇ ನಡೆಯಿತು.

ಆ ದಿನ ಮಗು ಹಾಲಿಗೆ ಏಳುವ ಹೊತ್ತು ಮೀರಿತ್ತು. ಅತ್ತೆ ಹಿತ್ತಲಲ್ಲಿದ್ದರು. ಒಳಗೆ ಹೋದರೆ ನಾದಿನಿ ಕಣ್ಣು ಅರೆ ತೆರೆದು, ಮಾತು ತೊದಲಿ, "ಅತ್ತಿಗೆ, ಕೂಸು ಏಳ್ತಿಲ್ಲ" ಅಂದಳು. ಮಗುವನ್ನು ಎತ್ತಿದೆ. ತಲೆ ನನ್ನ ತೋಳಿನ ಮೇಲೆ ಜೋತುಬಿತ್ತು. ಮಗುವನ್ನು ಅವುಚಿಕೊಂಡು, ಇನ್ನೊಂದು ಕೈಯಲ್ಲಿ ನಾದಿನಿಯ ರಟ್ಟೆ ಹಿಡಿದೆಳೆದು ಅಂಗಳಕ್ಕೆ ಬಂದೆ. ಬೇವಿನ ಮರದ ಕೆಳಗೆ ಗಾಳಿ ಬೀಸುತ್ತಿತ್ತು.

"ಕೂಸಿನ್ನ ಗಾಳಿಗೆ ಕೊಟ್ಲಲ್ಲಪ್ಪೋ" ಎನ್ನುತ್ತಾ ಅತ್ತೆ ಓಡಿಬಂದು ಮಗುವಿಗೆ ಕೈ ಹಾಕಿದರು. ನಾನು ಕೊಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರ ಕೈಯನ್ನು ನಾನು ದೂಡಿದ್ದು ಅದೇ ಮೊದಲು. ಅಷ್ಟರಲ್ಲಿ ಮಗು ಮುಖ ಕಿವುಚಿತು, ಸಣ್ಣಗೆ ಅತ್ತಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಮಾತೇ ಕೋಣೆಯಲ್ಲಿ ಕೆಂಡ ಇಡ್ತೀರಾ ಅಂತ. ಇದ್ದಲ ಗಾಳಿ ವಿಷ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ನಿದ್ದೆಯಲ್ಲೇ ಕೊಲ್ಲುತ್ತದೆ ಎಂದರು. ಮಗುವಿಗೂ ನಾದಿನಿಗೂ ಆಮ್ಲಜನಕ ಕೊಟ್ಟರು. ಇಬ್ಬರೂ ಉಳಿದರು.

ಮನೆಗೆ ಬಂದ ಮೇಲೆ ಬಾಗಿಲಿನ ರಬ್ಬರ್ ಪಟ್ಟಿ ಕೀಳುತ್ತಾ ಕೂತಿದ್ದೆ. ಅತ್ತೆ ಮಗುವನ್ನು ಎತ್ತಿಕೊಂಡು ಬಂದು ಎದುರಿಗೆ ನಿಂತರು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಅನುಮಾನ ಇತ್ತು."

"ಮತ್ತೆ ಹೊಡೆದಾಡಿ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೇಳ್ತಿದ್ರಾ, ಅತ್ತೆ?"

ಅವರು ಕಿತ್ತ ಪಟ್ಟಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ಇಲ್ಲ" ಅಂದರು. ಆಮೇಲೆ ಮಗುವನ್ನು ನನ್ನ ಕಡೆ ಚಾಚಿದರು. "ಕೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು ಹಿಡ್ಕೋ."